ಮೊಳಕೆಗೆ ಇಂಗ್ಲಿಷಿನಲ್ಲಿ ಏನೆನ್ನಬೇಕು?

(ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಭಾಷಾ ಅಧ್ಯಾಪಕರ ಮುಂದೆ ಮಾಡಿದ ಭಾಷಣದ ಬರಹರೂಪ)



ಇಂದು ನಾನು ಎತ್ತಿಕೊಂಡಿರುವ ವಿಷಯ ನೋಡುವುದಕ್ಕೆ ಬಹಳ ಚಿಕ್ಕದು. ಈಗಷ್ಟೇ ಹುಟ್ಟಿ ಬೆಳೆಯತೊಡಗಿದ ಒಂದು ವಸ್ತುವನ್ನು, ವ್ಯಕ್ತಿಯನ್ನು, ಸಂಘವನ್ನು ಅಥವಾ ವಿಚಾರವನ್ನು ಇಂಗ್ಲಿಷಿನಲ್ಲಿ ಯಾವ ಪದದಿಂದ ಕರೆಯಬೇಕು ಎಂಬುದು ಪ್ರಶ್ನೆ. ಇದಕ್ಕೆ ಅಷ್ಟು ಹೊತ್ತಿನ ಮಾತು ಬೇಕೇ ಎಂದು ನಿಮಗೆ ಅನ್ನಿಸಬಹುದು. ನಾಲ್ಕು ವಾಕ್ಯಗಳನ್ನು ನಿಮ್ಮ ಮುಂದೆ ಇಡುತ್ತೇನೆ. ಅವುಗಳನ್ನು ನೀವೇ ಮನಸ್ಸಿನಲ್ಲಿ ಇಂಗ್ಲಿಷಿಗೆ ತಿರುಗಿಸಿ ನೋಡಿ.

ಒಂದು, 'ಇವರು ನಮ್ಮ ತಾಲ್ಲೂಕಿನ ಉದಯೋನ್ಮುಖ ಕವಿ.' ಎರಡು, 'ನಮ್ಮದು ಈಗ ತಾನೇ ಕಾಲೂರುತ್ತಿರುವ ಹಾಲು ಉತ್ಪಾದಕರ ಸಂಘ.' ಮೂರು, 'ದಾಳಿಂಬೆಯ ಎಲೆಗಳ ಮೇಲೆ ರೋಗ ಈಗಷ್ಟೇ ಕಾಣಿಸಿಕೊಂಡಿದೆ.' ನಾಲ್ಕು, 'ಹೊಸ ಗ್ರಂಥಾಲಯದ ಯೋಚನೆ ಇನ್ನೂ ಮೊಳಕೆಯ ಹಂತದಲ್ಲಿದೆ.' ನಾಲ್ಕರಲ್ಲಿಯೂ ಆರಂಭದ ಮಾತೇ ಇದೆ. ವಿದ್ಯಾರ್ಥಿ ನಿಘಂಟನ್ನು ತೆರೆಯುತ್ತಾನೆ. ಅಲ್ಲಿ ನೇಸೆಂಟ್, ಬಡ್ಡಿಂಗ್, ಇನ್ಸಿಪಿಯೆಂಟ್, ಎಂಬ್ರಿಯಾನಿಕ್, ಇಂಕೋಎಟ್, ಎಮರ್ಜೆಂಟ್, ಫ್ಲೆಜ್ಲಿಂಗ್ ಎಂದು ಸಾಲಾಗಿ ಪದಗಳು ನಿಂತಿರುತ್ತವೆ. ಸಮಾನಾರ್ಥಕಗಳೆಂದು ನಂಬಿ ಅವನು ಕಿವಿಗೆ ಚೆನ್ನಾಗಿ ಕೇಳಿಸಿದ ಒಂದನ್ನು ಎತ್ತಿಕೊಳ್ಳುತ್ತಾನೆ. ಹೀಗಾಗಿ ಕವಿಯೂ ನೇಸೆಂಟ್, ಸಂಘವೂ ನೇಸೆಂಟ್, ಎಲೆಚುಕ್ಕೆಯೂ ನೇಸೆಂಟ್ ಆಗಿಬಿಡುತ್ತದೆ. ಇಂಗ್ಲಿಷ್ ಬಲ್ಲವನು ಅದನ್ನು ಓದಿದರೆ ವ್ಯಾಕರಣದಲ್ಲಿ ತಪ್ಪು ಕಾಣುವುದಿಲ್ಲ. ಆದರೆ ಬರೆದವನಿಗೆ ವಿಷಯ ತಿಳಿದಿಲ್ಲವೆಂದು ಅವನು ತಿಳಿಯುತ್ತಾನೆ. ವಿಷಯ ಚೆನ್ನಾಗಿ ತಿಳಿದ ನಮ್ಮ ಹುಡುಗನಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರೊಂದಿಲ್ಲ.

ಇದಕ್ಕೆ ನಾನು ಕಂಡುಕೊಂಡಿರುವ ಪರಿಹಾರ ಸರಳವಾದದ್ದು. ಇಂಗ್ಲಿಷ್ ಪದವನ್ನು ಹುಡುಕುವ ಮೊದಲು, ಇದನ್ನು ಕನ್ನಡದಲ್ಲಿ, ಅದರಲ್ಲಿಯೂ ಹೊಲದ ಕನ್ನಡದಲ್ಲಿ, ಏನೆನ್ನುತ್ತಾರೆ ಎಂದು ಕೇಳಿಕೊಳ್ಳಬೇಕು. ಮೋಡ ನೋಡುತ್ತಾ ಬದುಕುವ ನಮ್ಮ ಸೀಮೆಯ ಜನ ಆರಂಭಗಳನ್ನು ಕುರಿತು ಬಹಳ ಸೂಕ್ಷ್ಮವಾದ ಪದಗಳನ್ನು ಇಟ್ಟುಕೊಂಡಿದ್ದಾರೆ. ಬೆಳೆ ಕೈಗೆ ಬರುವುದೋ ಇಲ್ಲವೋ ಎಂಬುದನ್ನು ಮೊದಲ ದಿನಗಳಲ್ಲೇ ಅಳೆದು ನೋಡಬೇಕಾದವರಿಗೆ 'ಆರಂಭ' ಎಂಬ ಒಂದೇ ಪದ ಸಾಲುವುದಿಲ್ಲ.

ಹೊಸದುರ್ಗದ ತೆಂಗಿನ ತೋಟಕ್ಕೆ ಹೋಗಿ ನೋಡಿ. ಹೊಂಬಾಳೆ ಒಡೆಯುತ್ತದೆ, ಹೀಚು ಕಟ್ಟುತ್ತದೆ, ಎಳನೀರಾಗುತ್ತದೆ, ಕಾಯಿ ಬಲಿಯುತ್ತದೆ, ಕೊನೆಗೆ ಕೊಬ್ಬರಿಯಾಗುತ್ತದೆ. ಹೊಳಲ್ಕೆರೆಯ ಅಡಿಕೆಗೆ ಹಿಂಗಾರ ಇದೆ. ಮಾವಿಗೆ ಮಿಡಿ ಇದೆ, ಹಣ್ಣಾಗುವ ಮುನ್ನ ದೋರೆಗಾಯಿ ಇದೆ. ರಾಗಿ, ಜೋಳಗಳ ಹೊಲದಲ್ಲಿ ಮೊಳಕೆ, ಪೈರು, ತೆಂಡೆ, ಹೊಡೆ, ತೆನೆ, ಹಾಲುಗಾಳು ಎಂದು ಮೆಟ್ಟಿಲು ಮೆಟ್ಟಿಲಾಗಿ ಹೆಸರುಗಳಿವೆ. ತೆನೆ ಇನ್ನೂ ಹೊರಗೆ ಕಾಣದೆ ಎಲೆಯ ಮಡಿಲೊಳಗೇ ಉಬ್ಬಿಕೊಂಡಿರುವ ಸ್ಥಿತಿಗೆ ಹೊಡೆ ಎಂದು ಹೆಸರು. ದನದ ಕೊಟ್ಟಿಗೆಯಲ್ಲಿ ಕರು ಬೇರೆ, ಮಣಕ ಬೇರೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರಕಟಿಸಿದ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನು ಬಿಡಿಸಿ ಇಂಥ ಪದಗಳ ಕೆಳಗೆ ನೋಡಿದರೆ, ಆ ಜರ್ಮನ್ ಪಂಡಿತರು ನಮ್ಮ ಒಕ್ಕಲು ಮಾತಿಗೆ ಎಷ್ಟು ಹತ್ತಿರದಿಂದ ಕಿವಿಗೊಟ್ಟಿದ್ದರೆಂಬುದು ತಿಳಿಯುತ್ತದೆ.

ಈ ಪದಗಳಲ್ಲಿ ಎರಡು ಸಂಗತಿಗಳು ಅಡಗಿವೆ. ಯಾವುದರ ಆರಂಭ ಎಂಬುದು ಒಂದು. ಆರಂಭದ ಯಾವ ಹಂತ ಎಂಬುದು ಇನ್ನೊಂದು. ಹೀಚು ಎಂದರೆ ಅದು ಕಾಯಿಯ ಸಂಬಂಧದ ಮಾತೆಂದು ಗೊತ್ತಾಗುತ್ತದೆ. ಹೊಡೆ ಎಂದರೆ ತೆನೆಯ ಮಾತೆಂದು ಗೊತ್ತಾಗುತ್ತದೆ. ಇದರ ಜೊತೆಗೆ ಇನ್ನೂ ಒಂದು ಸೂಕ್ಷ್ಮವಿದೆ. ಮೊಳಕೆ ಬರುವುದು ಬೀಜದಿಂದ. ಚಿಗುರು ಬರುವುದು ಮೊದಲೇ ಇರುವ ಗಿಡದಿಂದ. ನೂರು ವರ್ಷದ ಬೇವಿನ ಮರವೂ ಚಿಗುರುತ್ತದೆ. ಈ ಭೇದವನ್ನು ಮರೆಯಬೇಡಿ. ಮುಂದೆ ಇದು ನಮಗೆ ಬೇಕಾಗುತ್ತದೆ.

ಇಂಗ್ಲಿಷಿನ ಪದಗಳೂ ಒಂದು ಕಾಲಕ್ಕೆ ಹೀಗೆಯೇ ಹೊಲ, ಗೂಡು, ತೊಟ್ಟಿಲುಗಳಿಂದ ಎದ್ದು ಬಂದವು. ಈಗ ಅವು ಕೋಟು ಹಾಕಿಕೊಂಡು ಕಚೇರಿಯಲ್ಲಿ ಕುಳಿತಿರುವುದರಿಂದ ನಮಗೆ ಗುರುತು ಸಿಕ್ಕುವುದಿಲ್ಲ. ಒಂದೊಂದಾಗಿ ಅವುಗಳ ಮನೆತನವನ್ನು ವಿಚಾರಿಸೋಣ.

ನೇಸೆಂಟ್ ಎಂಬುದರ ಮೂಲ 'ಹುಟ್ಟು' ಎಂಬ ಅರ್ಥದ ಲ್ಯಾಟಿನ್ ಧಾತು. ನೇಚರ್, ನೇಷನ್, ನೇಟಿವ್ ಎಲ್ಲವೂ ಅದೇ ಕುಲದವು. ರಸಾಯನಶಾಸ್ತ್ರದ ಹಳೆಯ ಪಠ್ಯಗಳಲ್ಲಿ, ಸಂಯುಕ್ತದಿಂದ ಆಗತಾನೇ ಬಿಡುಗಡೆಯಾದ ಜಲಜನಕವನ್ನು ನೇಸೆಂಟ್ ಹೈಡ್ರೋಜನ್ ಎಂದು ಕರೆಯುತ್ತಿದ್ದರು. ಹುಟ್ಟಿನ ಕ್ಷಣವನ್ನು ಗುರುತಿಸಬಹುದಾದ, ಹುಟ್ಟಿಗೆ ಮುಂಚೆ ಇರಲಿಲ್ಲವೆಂದು ಹೇಳಬಹುದಾದ ಸಂಗತಿಗೆ ಇದು ಸಲ್ಲುತ್ತದೆ. ಒಂದು ಉದ್ಯಮ, ಒಂದು ಚಳವಳಿ, ಒಂದು ರಾಜ್ಯ, ಇವು ನೇಸೆಂಟ್ ಆಗಿರಬಲ್ಲವು. ಒಬ್ಬ ಮನುಷ್ಯನನ್ನು ನೇಸೆಂಟ್ ಕವಿ ಎಂದರೆ ಕಿವಿಗೆ ಮುಳ್ಳು ಚುಚ್ಚಿದಂತಾಗುತ್ತದೆ.

ಮನುಷ್ಯನಿಗೆ ಸಲ್ಲುವುದು ಬಡ್ಡಿಂಗ್. ಬಡ್ ಎಂದರೆ ಮೊಗ್ಗು. ಅರಳುವ ಗುಣ ಒಳಗೇ ಇದೆ, ಹೊತ್ತು ಬರಬೇಕು, ಅಷ್ಟೆ ಎಂಬ ಭರವಸೆ ಈ ಪದದಲ್ಲಿದೆ. ನಮ್ಮ 'ಉದಯೋನ್ಮುಖ' ಪದದಲ್ಲಿ ಚಿತ್ರ ಬೇರೆಯಾದರೂ ಭಾವ ಇದೇ. ಉದಯದತ್ತ ಮುಖವೆತ್ತಿದವನು ಎಂದು ಅದರ ಅರ್ಥ; ಇನ್ನೂ ಉದಯಿಸಿಲ್ಲ, ಆದರೆ ಮುಖ ಆ ದಿಕ್ಕಿಗೆ ತಿರುಗಿದೆ. ಆದ್ದರಿಂದ ಉದಯೋನ್ಮುಖ ಕವಿಯನ್ನು ಬಡ್ಡಿಂಗ್ ಪೊಯೆಟ್ ಎನ್ನುವುದು ಸರಿಯಾಗಿಯೇ ಇದೆ. ಆದರೆ ಮೂರು ಸಂಕಲನ ತಂದು ಅರವತ್ತು ದಾಟಿದವರಿಗೆ ಆಹ್ವಾನಪತ್ರಿಕೆಯಲ್ಲಿ ಈ ವಿಶೇಷಣ ಹಚ್ಚಬಾರದು. ಅವರಿಗೆ ಅದು ಮೆಚ್ಚುಗೆಯಾಗುವುದಿಲ್ಲ. ತೋಟಗಾರಿಕೆಯಲ್ಲಿ ಬಡ್ಡಿಂಗ್ ಎಂದರೆ ಕಣ್ಣುಕಸಿ ಎಂಬ ಬೇರೆಯೇ ಅರ್ಥವಿದೆ. ಹಿರಿಯೂರಿನ ಬಬ್ಬೂರು ಫಾರಂ ಕಡೆಯ ಮಕ್ಕಳಿಗೆ ಅದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಮೊಗ್ಗಿನಿಂದಲೇ ಬಂದ ಇನ್ನೊಂದು ಪದ ಬರ್ಜನಿಂಗ್. ಹಳೆಯ ಫ್ರೆಂಚ್ ಭಾಷೆಯಲ್ಲಿ ಅದರ ಮೂಲಕ್ಕೆ ಮೊಗ್ಗು, ಕುಡಿ ಎಂದೇ ಅರ್ಥ. ಈಗಿನ ಬಳಕೆಯಲ್ಲಿ ಅದು ಭರದಿಂದ ಬೆಳೆಯುತ್ತಿರುವ, ಹಿಡಿತಕ್ಕೆ ಸಿಗದಂತೆ ಹೆಚ್ಚುತ್ತಿರುವ ಎಂಬ ಅರ್ಥಕ್ಕೆ ಹೊರಳಿದೆ. ಬೆಂಗಳೂರಿನ ಜನಸಂಖ್ಯೆಗೆ ಅದು ಒಪ್ಪುತ್ತದೆ. ಎರಡು ತಿಂಗಳ ಹಿಂದೆ ಆರಂಭವಾದ, ಹನ್ನೊಂದು ಜನರ ಓದುಗರ ಬಳಗಕ್ಕೆ ಒಪ್ಪುವುದಿಲ್ಲ.

ಫ್ಲೆಜ್ಲಿಂಗ್ ಎಂಬುದು ಹಕ್ಕಿಮರಿಯ ಹೆಸರು. ಗೂಡಿನಲ್ಲಿಯೇ ಬಾಯಿ ತೆರೆದು ಕುಳಿತಿರುವ ಮರಿಗೆ ನೆಸ್ಲಿಂಗ್ ಎನ್ನುತ್ತಾರೆ. ಪುಕ್ಕ ಬಂದು, ಗೂಡು ಬಿಟ್ಟು, ಹಾರಾಟದ ಮೊದಲ ಪರೀಕ್ಷೆಯಲ್ಲಿರುವುದು ಫ್ಲೆಜ್ಲಿಂಗ್. ಹಾಗಾಗಿ ಕೆಲಸ ಆರಂಭಿಸಿರುವ, ಆದರೆ ಗಾಳಿ ಜೋರಾದರೆ ಬೀಳಬಹುದಾದ ಸಂಸ್ಥೆಗೆ ಈ ಪದ ಹೇಳಿ ಮಾಡಿಸಿದಂತಿದೆ. ನಮ್ಮ ನಾಡಿನದೇ ಉದಾಹರಣೆ ಹೇಳುವುದಾದರೆ, 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾನೂನು ಬಂದಿತು. ಮರುವರ್ಷ, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದರು. ಕಾನೂನು ಕಾಗದದ ಮೇಲಿದ್ದ ದಿನಗಳಲ್ಲಿ ಸಹಕಾರ ಚಳವಳಿ ಇನ್ನೂ ಬಸಿರಲ್ಲಿತ್ತು; ಕಣಗಿನಹಾಳದ ಸಂಘ ನೋಂದಣಿಯಾಗಿ ಸಾಲ ಕೊಡಲು ತೊಡಗಿದಾಗ ಅದು ಪುಕ್ಕ ಬಂದ ಮರಿಯಾಯಿತು. ನಿಮ್ಮೂರಿನ ಹೊಸ ಹಾಲಿನ ಸಂಘವೂ ಹಾಗೆಯೇ ಫ್ಲೆಜ್ಲಿಂಗ್ ಸೊಸೈಟಿ.

ಆ ಬಸಿರಿನ ಸ್ಥಿತಿಗೆ ಎಂಬ್ರಿಯಾನಿಕ್ ಎಂದು ಹೆಸರು. ಒಳಗೇ ಉಬ್ಬುವುದು ಎಂಬ ಅರ್ಥದ ಗ್ರೀಕ್ ಮೂಲದಿಂದ ಬಂದದ್ದು. ನಮ್ಮ ಹೊಡೆ ಎಂಬ ಪದಕ್ಕೆ ಇದು ತೀರ ಹತ್ತಿರದ್ದು. ಸೀಗೆ ಹುಣ್ಣಿಮೆ, ಭೂಮಿ ಹುಣ್ಣಿಮೆ ಎಂದು ಹೆಸರಾದ ಆಶ್ವೀಜದ ಹುಣ್ಣಿಮೆಯ ದಿನ ಕರ್ನಾಟಕದ ಹಲವು ಭಾಗಗಳ ರೈತರು ಪೈರು ಹೊತ್ತ ನೆಲವನ್ನು ಬಸುರಿಯೆಂದು ಭಾವಿಸಿ ಬಯಕೆಯ ಅಡುಗೆ ಬಡಿಸುವುದನ್ನು ನೀವು ಬಲ್ಲಿರಿ. ಹೊರಗಿನವರಿಗೆ ಕಾಣದ, ಹೊತ್ತವರಿಗೆ ಮಾತ್ರ ಗೊತ್ತಿರುವ ಆರಂಭ ಇದು. ಗ್ರಂಥಾಲಯದ ಯೋಚನೆ ಸಮಿತಿಯವರ ತಲೆಯಲ್ಲಿದೆ, ಕಟ್ಟಡದ ನಕ್ಷೆಯೂ ಆಗಿಲ್ಲ ಎಂದಾದರೆ ಅದು ಎಂಬ್ರಿಯಾನಿಕ್. ನಾವು ಕನ್ನಡದಲ್ಲಿ ಅದನ್ನು 'ಮೊಳಕೆಯ ಹಂತ' ಎಂದು ಬರೆಯುತ್ತೇವೆ. ಮೊಳಕೆ ಬಂದರೆ ಮಣ್ಣಿನ ಮೇಲೆ ಕಾಣಬೇಕಲ್ಲ? 'ಹೊಡೆಯ ಹಂತ' ಎಂಬ ಮಾತೇ ಹೆಚ್ಚು ಸರಿಯೆಂದು ನನ್ನ ಅಭಿಪ್ರಾಯ.

ಇನ್ಸಿಪಿಯೆಂಟ್ ಎಂಬುದು 'ಕೈಗೆ ತೆಗೆದುಕೊ' ಎಂಬ ಮೂಲದಿಂದ ಬಂದಿದೆ. ನಮ್ಮ 'ಕೈಗೆತ್ತಿಕೊಳ್ಳು', 'ಕೈಹಚ್ಚು' ಎಂಬಂತೆಯೇ. ಆದರೆ ಬಳಕೆಯಲ್ಲಿ ಅದಕ್ಕೆ ಒಂದು ಕಪ್ಪು ನೆರಳು ಅಂಟಿಕೊಂಡಿದೆ. ರೋಗ, ಜಗಳ, ಬರ, ಬೋಳುತಲೆ, ಇಂಥವು ಇನ್ಸಿಪಿಯೆಂಟ್ ಆಗುವುದು ಹೆಚ್ಚು. 'ಈಗಲೇ ತಡೆಯದಿದ್ದರೆ ಕಷ್ಟ' ಎಂಬ ಎಚ್ಚರಿಕೆ ಅದರೊಳಗಿದೆ. ದಾಳಿಂಬೆ ಎಲೆಯ ಮೇಲೆ ಎಣ್ಣೆ ಹನಿ ಬಿದ್ದಂಥ ಸಣ್ಣ ಚುಕ್ಕೆ ಕಂಡರೆ ದುಂಡಾಣು ಅಂಗಮಾರಿಯ ಆರಂಭವೆಂದು ಹಿರಿಯೂರು, ಹೊಸದುರ್ಗಗಳ ಬೆಳೆಗಾರರ ಎದೆ ಧಸಕ್ಕೆನ್ನುತ್ತದೆ. ತಜ್ಞರಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಯುವಾಗ ಅದನ್ನು ಇನ್ಸಿಪಿಯೆಂಟ್ ಎಂದೇ ಬರೆಯಬೇಕು. ನೇಸೆಂಟ್ ಎಂದರೆ ರೋಗಕ್ಕೆ ನಾಮಕರಣ ಮಾಡಿ ತೊಟ್ಟಿಲು ತೂಗಿದಂತಾಗುತ್ತದೆ.

ಇನ್ನು ಇಂಕೋಎಟ್. ಬರವಣಿಗೆಯಲ್ಲಿ 'ಚ'ಕಾರ ಕಂಡರೂ ಉಚ್ಚಾರದಲ್ಲಿ 'ಕ'ಕಾರ. ಇದು ನನಗೆ ಬಹಳ ಪ್ರಿಯವಾದ ಪದ. ನೇಗಿಲಿನ ಈಸನ್ನು ನೊಗಕ್ಕೆ ಬಿಗಿಯುವ ತೊಗಲ ಪಟ್ಟಿಗೆ ಲ್ಯಾಟಿನ್ನಿನಲ್ಲಿದ್ದ ಹೆಸರೇ ಇದರ ಮೂಲವಿರಬೇಕೆಂದು ಪದಚರಿತ್ರೆ ಬಲ್ಲವರು ಊಹಿಸುತ್ತಾರೆ. ನಮ್ಮಲ್ಲಿ ಅದಕ್ಕೆ ಮಿಣಿ ಎನ್ನುತ್ತೇವೆ. ಅಂದರೆ ಎತ್ತು ಕಟ್ಟಿಯಾಯಿತು, ಮಿಣಿ ಬಿಗಿದಾಯಿತು, ಸಾಲು ಇನ್ನೂ ಮೂಡಿಲ್ಲ. ಯುಗಾದಿಯ ಹೊತ್ತಿಗೆ ನಮ್ಮವರು ಹೂಡುವ ಹೊನ್ನಾರು ನೆನಪಿಗೆ ಬರುತ್ತದಲ್ಲವೇ? ಎಲ್ಲಿಯ ರೋಮ್, ಎಲ್ಲಿಯ ಹೊಳಲ್ಕೆರೆ! ಆದರೆ ಇಂದಿನ ಇಂಗ್ಲಿಷಿನಲ್ಲಿ ಹೊನ್ನಾರಿನ ಹಬ್ಬದ ಕಳೆ ಅದಕ್ಕಿಲ್ಲ. ತೊಡಗಿದೆ, ಆದರೆ ಆಕಾರ ಬಂದಿಲ್ಲ, ಕಲಸುಮೇಲೋಗರವಾಗಿದೆ ಎಂಬ ಅರ್ಥದಲ್ಲಿ ಅದನ್ನು ಬಳಸುತ್ತಾರೆ. ಮಾತಿಗೆ ನಿಲುಕದ ಸಿಟ್ಟು, ರೂಪು ತಳೆಯದ ವಿಚಾರ, ಇವು ಇಂಕೋಎಟ್.

ಉಳಿದದ್ದು ಎಮರ್ಜೆಂಟ್, ಎಮರ್ಜಿಂಗ್. ನೀರಿನಲ್ಲಿ ಮುಳುಗಿದ್ದದ್ದು ತಲೆಯೆತ್ತಿ ಮೇಲೆ ಬರುವುದು ಇದರ ಮೂಲಚಿತ್ರ. ಇಲ್ಲಿ ಹುಟ್ಟಿನ ಮಾತಿಲ್ಲ. ಮೊದಲೇ ಇತ್ತು, ಈಗ ಕಣ್ಣಿಗೆ ಬಿತ್ತು ಎಂದಷ್ಟೇ ಅದು ಹೇಳುತ್ತದೆ. ಈ ಭೇದ ಎಷ್ಟು ಮುಖ್ಯ ಎಂಬುದನ್ನು ತಿಳಿಯಲು ನಮ್ಮ ಜಿಲ್ಲೆಯ ಚರಿತ್ರೆಯೇ ಸಾಕು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನ ನಿಮಗೆಲ್ಲ ಗೊತ್ತು. ಬಿ.ಎಲ್. ರೈಸ್ ಅವರು 1892ರಲ್ಲಿ ಅದನ್ನು ಬೆಳಕಿಗೆ ತಂದರು. ಪ್ರಾಕೃತ ಭಾಷೆಯಲ್ಲಿರುವ ಆ ಶಾಸನವು ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ. ಈ 'ಇಸಿಲ' ಎಂಬ ಊರ ಹೆಸರು ಕನ್ನಡದ್ದೆಂದು ಡಿ.ಎಲ್. ನರಸಿಂಹಾಚಾರ್ಯರಂಥ ವಿದ್ವಾಂಸರು ವಾದಿಸಿದ್ದಾರೆ. ಎಲ್ಲರೂ ಅದನ್ನು ಒಪ್ಪಿದ್ದಾರೆಂದು ಹೇಳಲಾಗದು. ಇರಲಿ, ವಾದಕ್ಕಾಗಿ ಒಪ್ಪಿಕೊಳ್ಳೋಣ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಆ ಕನ್ನಡವನ್ನು ಇಂಗ್ಲಿಷಿನಲ್ಲಿ ಏನೆಂದು ಕರೆಯಬೇಕು? ನೇಸೆಂಟ್ ಕನ್ನಡ ಎಂದು ಬರೆದರೆ ಕನ್ನಡ ಆಗ ಹುಟ್ಟಿತು ಎಂದಂತಾಯಿತು. ಅದು ಸುಳ್ಳು. ಊರಿಗೆ ಹೆಸರಿಡಬೇಕಾದರೆ ಅದಕ್ಕೆ ಮೊದಲು ಜನ ಆ ಭಾಷೆಯನ್ನು ಆಡುತ್ತಿರಬೇಕು, ಅದರಲ್ಲಿ ಮಕ್ಕಳನ್ನು ಗದರಿಸುತ್ತಿರಬೇಕು, ಎತ್ತುಗಳನ್ನು ಕರೆಯುತ್ತಿರಬೇಕು. ಬರಹ ಎಂಬುದು ನೀರಿನ ಮೇಲ್ಮೈ ಮಾತ್ರ. ಅಲ್ಲಿ ಒಂದು ಪದ ತಲೆಯೆತ್ತಿತು. ಸುಮಾರು ಐದನೆಯ ಶತಮಾನದ ಹಲ್ಮಿಡಿ ಶಾಸನದಲ್ಲಿ ಇಡೀ ವಾಕ್ಯಗಳು ಮೇಲೆ ಬಂದವು. ಆದ್ದರಿಂದ ಇಸಿಲದ ಕನ್ನಡ ಎಮರ್ಜೆಂಟ್. ಈ ಒಂದು ವಿಶೇಷಣದ ಆಯ್ಕೆಯಲ್ಲಿ ಭಾಷೆಯ ವಯಸ್ಸಿನ ಪ್ರಶ್ನೆಯೇ ಅಡಗಿದೆ.

ಅದೇ ಜಿಲ್ಲೆಯ ಚಂದ್ರವಳ್ಳಿಗೆ ಬನ್ನಿ. ಇಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಅಲ್ಲಿನ ಕೆರೆಯನ್ನು ಕುರಿತ ಪ್ರಾಕೃತ ಶಾಸನ ಕದಂಬರ ಮಯೂರಶರ್ಮನದು. 1929ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದರು. ಓದಲು ಕಂಚಿಗೆ ಹೋಗಿದ್ದ ಬ್ರಾಹ್ಮಣ ಯುವಕ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ ದರ್ಭೆ ಬಿಟ್ಟು ಕತ್ತಿ ಹಿಡಿದನೆಂದು ತಾಳಗುಂದದ ಶಾಸನ ಹೇಳುತ್ತದೆ. ನಾಲ್ಕನೆಯ ಶತಮಾನದ ಆ ರಾಜ್ಯಕ್ಕೆ ಸ್ಥಾಪಕನಿದ್ದಾನೆ, ಹುಟ್ಟಿನ ಕಥೆಯಿದೆ, ಅದಕ್ಕೆ ಮುಂಚೆ ಅದು ಇರಲಿಲ್ಲ. ಅದನ್ನು ಧೈರ್ಯವಾಗಿ ನೇಸೆಂಟ್ ಕಿಂಗ್‌ಡಂ ಎನ್ನಬಹುದು. ರಾಜ್ಯ ಹುಟ್ಟುತ್ತದೆ, ಭಾಷೆ ಮೇಲೆ ಬರುತ್ತದೆ. ಎರಡಕ್ಕೂ ಒಂದೇ ಪದ ಹಚ್ಚುವುದು ಚರಿತ್ರೆಗೆ ಮಾಡುವ ಅಪಚಾರ.

ಈಗ ಮೊಳಕೆ ಮತ್ತು ಚಿಗುರಿನ ಭೇದಕ್ಕೆ ಬರುತ್ತೇನೆ. 1920ರ ದಶಕದಲ್ಲಿ ಬಿ.ಎಂ. ಶ್ರೀಕಂಠಯ್ಯ ಮೊದಲಾದವರ ಕೈಯಲ್ಲಿ ಹೊಸ ಹಾದಿ ಹಿಡಿದ ಕನ್ನಡ ಸಾಹಿತ್ಯವನ್ನು ನವೋದಯ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಅದನ್ನು ರೆನಸಾನ್ಸ್ ಎಂದು ಬರೆಯುವುದು ರೂಢಿ. ರೆನಸಾನ್ಸ್ ಎಂಬುದರಲ್ಲಿಯೂ ನೇಸೆಂಟ್ ಪದದ ಅದೇ ಹುಟ್ಟಿನ ಧಾತು ಇದೆ. ಜೊತೆಗೆ 'ಮತ್ತೆ' ಎಂಬ ಉಪಸರ್ಗ ಸೇರಿದೆ. ನವೋದಯದಲ್ಲಿ ಮೂಡುವ ಸೂರ್ಯ ಹೊಸಬನಲ್ಲ, ದಿನ ಮಾತ್ರ ಹೊಸದು. ಪಂಪನಿಂದ ಎಣಿಸಿದರೂ ಸಾವಿರ ವರ್ಷದ ಮರ ಅದು. ಆಗ ಬಂದದ್ದು ಚಿಗುರು. ಆ 'ಮತ್ತೆ' ಎಂಬುದನ್ನು ಬಿಟ್ಟು ನೇಸೆಂಟ್ ಲಿಟರೇಚರ್ ಎಂದು ಯಾರಾದರೂ ಬರೆದರೆ, ಪಂಪ, ಬಸವಣ್ಣ, ಕುಮಾರವ್ಯಾಸರನ್ನು ಒಂದೇ ಪದದಿಂದ ಅಳಿಸಿಹಾಕಿದಂತೆ.

ಆ ಕಾಲದ ಇನ್ನೊಂದು ಪ್ರಸಂಗ ನಮ್ಮ ಜಿಲ್ಲೆಗೂ ಸಂಬಂಧಿಸಿದ್ದು. ಕುವೆಂಪು ಅವರು ಮೊದಲು ಕವಿತೆ ಬರೆದದ್ದು ಇಂಗ್ಲಿಷಿನಲ್ಲಿ. 1922ರಲ್ಲಿ ಬಂದ ಆ ಪುಟ್ಟ ಸಂಕಲನದ ಹೆಸರು 'ಬಿಗಿನರ್ಸ್ ಮ್ಯೂಸ್'. ತರುಣ ಕವಿ ತನ್ನ ಆರಂಭಕ್ಕೆ ತಾನೇ ಆರಿಸಿಕೊಂಡ ಇಂಗ್ಲಿಷ್ ಪದವನ್ನು ಗಮನಿಸಿ. ಬಿಗಿನರ್ ಎಂದರೆ ತೊಡಗಿದವನು. ಮೊಗ್ಗು, ಮರಿ, ಉದಯ ಯಾವ ಅಲಂಕಾರವೂ ಅದರಲ್ಲಿಲ್ಲ. ತನ್ನನ್ನು ತಾನು ಕರೆದುಕೊಳ್ಳುವಾಗ ಸಲ್ಲುವ ಪದ ಅದು. ಬಡ್ಡಿಂಗ್ ಎಂಬುದನ್ನು ಬೇರೆಯವರು ಹೇಳಬೇಕು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಆ ಕವಿತೆಗಳನ್ನು ನೋಡಿ ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಬುದ್ಧಿ ಹೇಳಿದ್ದು ಪ್ರಸಿದ್ಧವಾಗಿದೆ. ಮುಂದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಆ ಮೊಗ್ಗನ್ನು ಗುರುತಿಸಿ ಬೆಳೆಸಿದ ಗುರುಗಳು ಚಳ್ಳಕೆರೆ ತಾಲ್ಲೂಕಿನ ತಳುಕಿನವರಾದ ಟಿ.ಎಸ್. ವೆಂಕಣ್ಣಯ್ಯನವರು. ಕುವೆಂಪು ತಮ್ಮ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಅರ್ಪಿಸಿದ್ದು ಅವರಿಗೇ. 'ಬೆಳೆಯುವ ಸಿರಿ ಮೊಳಕೆಯಲ್ಲಿ' ಎಂಬ ಗಾದೆಯನ್ನು ನಾವೆಲ್ಲ ಹೇಳುತ್ತೇವೆ. ಆದರೆ ಮೊಳಕೆಯಲ್ಲಿ ಸಿರಿಯನ್ನು ಕಾಣುವುದಕ್ಕೆ ವೆಂಕಣ್ಣಯ್ಯನವರಂಥ ಕಣ್ಣು ಬೇಕು.

ಇದೆಲ್ಲ ಪಂಡಿತರ ಮಾತಾಯಿತು, ಸಾಮಾನ್ಯರಿಗೆ ಇದರಿಂದ ಏನು ಎಂದು ನೀವು ಕೇಳಬಹುದು. ಎರಡು ಉದಾಹರಣೆ ಕೊಡುತ್ತೇನೆ.

2016ರ ಮುಂಗಾರಿನಿಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಜಾರಿಯಲ್ಲಿದೆ. ಅದರಲ್ಲಿ ನಷ್ಟವನ್ನು ಹಂತಗಳ ಪ್ರಕಾರ ವಿಂಗಡಿಸಿದ್ದಾರೆ. ಮಳೆಯಿಲ್ಲದೆ ಬಿತ್ತನೆಯೇ ಆಗದಿದ್ದರೆ ಅದೊಂದು ಬಗೆ. ಅದಕ್ಕೆ ವಿಮಾ ಮೊತ್ತದ ಶೇ. 25ರವರೆಗೆ ಪರಿಹಾರ, ಅಲ್ಲಿಗೆ ಆ ಬೆಳೆಯ ವಿಮೆ ಮುಗಿಯುತ್ತದೆ. ಬೆಳೆ ನಿಂತಿರುವಾಗ ನಡುಗಾಲದಲ್ಲಿ ಬರುವ ವಿಪತ್ತು ಇನ್ನೊಂದು ಬಗೆ. ಕಟಾವಾದ ಮೇಲಿನ ನಷ್ಟ ಮತ್ತೊಂದು. ಕಚೇರಿಯ ಕಾಗದಗ��ಲ್ಲಿ ಇವಕ್ಕೆಲ್ಲ ಇಂಗ್ಲಿಷ್ ಹೆಸರುಗಳಿವೆ. ಮೆಕ್ಕೆಜೋಳ ಮೊಳೆತು ಒಣಗಿತೋ, ಹೊಡೆಯಲ್ಲಿ ಒಣಗಿತೋ, ತೆನೆ ಕಟ್ಟಿ ಜೊಳ್ಳಾಯಿತೋ ಎಂಬುದು ರೈತನಿಗೆ ನಿಖರವಾಗಿ ಗೊತ್ತು. ಅವನ ಪರವಾಗಿ ಅರ್ಜಿ ಬರೆಯುವ ಓದಿದ ಮಗ 'ಬೆಳೆ ಆರಂಭದ ಹಂತದಲ್ಲಿ ಹಾಳಾಯಿತು' ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಗೀಚಿದರೆ, ಆ ನಿಖರತೆ ಅಲ್ಲಿಗೆ ಸತ್ತಿತು. ಹೆಚ್ಚು ಓದಿದವನ ವಾಕ್ಯ ಓದದ ತಂದೆಯ ಮಾತಿಗಿಂತ ಬಡವಾಯಿತು.

ಎರಡನೆಯದು ಇನ್ನೂ ಗಂಭೀರವಾದದ್ದು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್ ಎಂಬ ಕಾನೂನಿನ 20ನೆಯ ವಿಭಾಗದ ತಲೆಬರಹದಲ್ಲಿ ನಮ್ಮ ಮಿಣಿಯ ಪದ, ಇಂಕೋಎಟ್, ಕುಳಿತಿದೆ. ಸ್ಟಾಂಪು ಕಾಗದದ ಮೇಲೆ ಏನೂ ಬರೆಯದೆ, ಅಥವಾ ಅರ್ಧ ಬರೆದು, ಸಹಿ ಹಾಕಿ ಒಬ್ಬರ ಕೈಗೆ ಕೊಟ್ಟರೆ, ಆ ಸ್ಟಾಂಪಿಗೆ ಸಲ್ಲುವ ಮೊತ್ತದೊಳಗೆ ಎಷ್ಟನ್ನಾದರೂ ತುಂಬಿಕೊಳ್ಳುವ ಅಧಿಕಾರವನ್ನು ಮೇಲ್ನೋಟಕ್ಕೆ ಅವರಿಗೆ ಕೊಟ್ಟಂತೆ ಎಂದು ಆ ವಿಭಾಗ ಹೇಳುತ್ತದೆ. ಬರಗಾಲದಲ್ಲಿ ಸಾಲ ಎತ್ತುವಾಗ ಖಾಲಿ ಕಾಗದಕ್ಕೆ ಸಹಿ ಹಾಕುವವರು ನಮ್ಮ ಹಳ್ಳಿಗಳಲ್ಲಿ ಕಡಿಮೆಯೇನಲ್ಲ. 'ಇನ್ನೂ ಏನೂ ಬರೆದಿಲ್ಲವಲ್ಲ' ಎಂದು ಅವರು ನೆಮ್ಮದಿಯಾಗಿರುತ್ತಾರೆ. ಮಿಣಿ ಬಿಗಿದು ನೇಗಿಲನ್ನು ಬೇರೆಯವನ ಕೈಗೆ ಕೊಟ್ಟಾಗಿದೆ, ಇನ್ನು ಅವನು ಎಲ್ಲಿಯವರೆಗೆ ಉಳುತ್ತಾನೋ ಅವನಿಗೆ ಬಿಟ್ಟದ್ದು ಎಂಬುದು ಆ ಪದದ ಅರ್ಥ. ಈ ಪದವನ್ನು ಹತ್ತನೆಯ ತರಗತಿಯ ಮಕ್ಕಳಿಗೆ ಹೀಗೆ ವಿವರಿಸಿ ಹೇಳಿದರೆ ಒಂದೆರಡು ಮನೆಗಳಾದರೂ ಉಳಿಯಬಹುದು.

ಕೊನೆಯದಾಗಿ ಒಂದು ಎಚ್ಚರಿಕೆ. ಮುಗಿಯದೇ ಇರುವುದೆಲ್ಲ ಆರಂಭದಲ್ಲಿದೆ ಎಂದು ತಿಳಿಯಬಾರದು. ಮುರುಟಿದ ಗಿಡ, ಕಮರಿದ ಮೊಗ್ಗು, ಉದುರಿದ ಹೀಚು ಎಂದು ಬೆಳವಣಿಗೆ ನಿಂತದ್ದಕ್ಕೂ ಕನ್ನಡದಲ್ಲಿ ಪದಗಳಿವೆ. ಸ್ಟಂಟೆಡ್, ಬ್ಲೈಟೆಡ್, ಅಬಾರ್ಟಿವ್ ಎಂದು ಇಂಗ್ಲಿಷಿನಲ್ಲಿಯೂ ಇವೆ. ಹಿರಿಯೂರಿನ ವಾಣಿವಿಲಾಸ ಸಾಗರವನ್ನು 1898ರಲ್ಲಿ ಕಟ್ಟತೊಡಗಿ 1907ರಲ್ಲಿ ಮುಗಿಸಿದರು. ಅದು ತುಂಬಿ ಕೋಡಿ ಹರಿದದ್ದು 1933ರಲ್ಲಿ. ಆ ನೋಟ ಮತ್ತೆ ಕಂಡದ್ದು 2022ರಲ್ಲಿ. ನಡುವಿನ 89 ವರ್ಷ ಅದು ತುಂಬದ ಜಲಾಶಯವಾಗಿತ್ತು. ಅದನ್ನು ಎಳೆಯದೆಂದು ಯಾರೂ ಕರೆಯಲಿಲ್ಲ. ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಆ ಹೊತ್ತಿಗಾಗಲೇ ಕಾಮಗಾರಿ ತೊಡಗಿ ವರ್ಷಗಳು ಕಳೆದಿದ್ದವು. ಅಂಥದ್ದನ್ನು ವರದಿಯಲ್ಲಿ ನೇಸೆಂಟ್ ಎಂದು ಬರೆದರೆ ವಿಳಂಬಕ್ಕೆ ಕ್ಷಮೆ ಕೊಟ್ಟಂತಾಗುತ್ತದೆ. ಎಳೆಯದು ಎಂದೊಡನೆ ಕೇಳುವವರ ಮನಸ್ಸು ಕರಗುತ್ತದೆ. ಆ ಕರುಣೆ ನಿಜವಾಗಿ ಎಳೆಯದಾಗಿರುವುದಕ್ಕೆ ಮೀಸಲಾಗಿರಲಿ.

ಆದ್ದರಿಂದ ತರಗತಿಯಲ್ಲಿ ಮಕ್ಕಳಿಗೆ ಪಟ್ಟಿ ಬಾಯಿಪಾಠ ಮಾಡಿಸುವ ಬದಲು ಮೂರು ಪ್ರಶ್ನೆ ಕೇಳುವುದನ್ನು ಕಲಿಸಿ. ಇದು ಬೀಜದಿಂದ ಬಂದದ್ದೋ, ಹಳೆಯ ಮರದ ಚಿಗುರೋ, ಇಲ್ಲವೇ ಮೊದಲೇ ಇದ್ದು ಈಗ ಕಂಡದ್ದೋ? ಹೊರಗೆ ಕಾಣುತ್ತಿದೆಯೋ, ಹೊಡೆಯಲ್ಲಿದೆಯೋ? ಬೆಳೆಯಲಿ ಎಂದು ನಾವು ಬಯಸುತ್ತೇವೆಯೋ, ಬೆಳೆಯದಿರಲಿ ಎಂದೋ? ಮೂರಕ್ಕೂ ಕನ್ನಡದಲ್ಲಿ ಉತ್ತರ ಸಿಕ್ಕಿದ ಮೇಲೆ ಇಂಗ್ಲಿಷ್ ಪದ ತಾನಾಗಿ ಹತ್ತಿರ ಬರುತ್ತದೆ. ನಾನು ಮೊದಲು ಹೇಳಿದ ನಾಲ್ಕು ವಾಕ್ಯಗಳಿಗೆ ಈಗ ನಿಮ್ಮಲ್ಲಿ ನಾಲ್ಕು ಬೇರೆ ಬೇರೆ ಪದಗಳಿವೆ.

ಹಳ್ಳಿಯ ಶಾಲೆಯ ಹುಡುಗಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಹೀಚು, ಮಿಡಿ, ಹೊಡೆಗಳ ಭೇದ ಬಲ್ಲ ಆ ಹುಡುಗಿಗೆ ಇಂಗ್ಲಿಷಿನ ಈ ಏಳೆಂಟು ಪದಗಳ ಭೇದ ತಿಳಿಯುವುದು ಪಟ್ಟಣದ ಮಗುವಿಗಿಂತ ಸುಲಭ. ಆಕೆಗೆ ಗೊತ್ತಿರುವುದು ಆಕೆಗೆ ಗೊತ್ತಿದೆ ಎಂದು ಯಾರಾದರೂ ಹೇಳಬೇಕು. ಆ ಕೆಲಸ ನಿಮ್ಮದು.